ಕಂಪ್ಯೂಟರ್ ಶುರುವಾಗದಿದ್ದರೆ ಏನು ಮಾಡಬೇಕು?

ಗುಂಡಿ ಒತ್ತುತ್ತೀರಿ, ದೀಪ ಹತ್ತುವುದಿಲ್ಲ, ಫ್ಯಾನ್ ತಿರುಗುವುದಿಲ್ಲ. ಒಳಗಿದ್ದ ಲೆಕ್ಕಪತ್ರ, ಮಕ್ಕಳ ಅಂಕಪಟ್ಟಿ, ಸಂಘದ ಸಾಲದ ವಿವರ ಎಲ್ಲವೂ ಹೋದವೇನೋ ಎಂಬ ಭಯ ಮೊದಲು ಹುಟ್ಟುತ್ತದೆ. ಸಾಮಾನ್ಯವಾಗಿ ಹಾಗೆ ಆಗಿರುವುದಿಲ್ಲ. ಮಾಹಿತಿ ಇರುವುದು ಹಾರ್ಡ್ ಡಿಸ್ಕಿನಲ್ಲಿ. ಕೆಟ್ಟಿರುವುದು ಹೆಚ್ಚಾಗಿ ವಿದ್ಯುತ್ತು ಬರುವ ದಾರಿ. ಆ ದಾರಿಯನ್ನು ಪರೀಕ್ಷಿಸುವ ಕ್ರಮವನ್ನು ಇಲ್ಲಿ ಹೇಳಿದೆ.

ಮೂಡಲಗಿ ತಾಲ್ಲೂಕಿನ ಮಸಗುಪ್ಪಿಯ ಸುತ್ತಲಿನ ರೈತರಿಗೆ ಈ ಕ್ರಮ ಹೊಸದಲ್ಲ. ಕಾಲುವೆಯ ನೀರು ಹೊಲಕ್ಕೆ ಬಾರದಿದ್ದರೆ ಅವರು ಬೆಳೆಯನ್ನು ಕಿತ್ತು ನೋಡುವುದಿಲ್ಲ. ತೂಬಿನಿಂದ ಹಿಡಿದು ಕೆಳಗೆ ನಡೆಯುತ್ತ, ನೀರು ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ ಎಂದು ನೋಡುತ್ತಾರೆ. ಕಂಪ್ಯೂಟರಿನಲ್ಲಿಯೂ ಗೋಡೆಯಿಂದ ಆರಂಭಿಸಿ ಒಳಕ್ಕೆ ಬನ್ನಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ.

ಮೊದಲು ಗೋಡೆಯ ಸಾಕೆಟ್. ಅದಕ್ಕೆ ಮೇಜಿನ ದೀಪವನ್ನೋ ಮೊಬೈಲ್ ಚಾರ್ಜರನ್ನೋ ಹಾಕಿ ನೋಡಿ. ಅದು ನಡೆದರೆ ಮುಂದಿನದು ಯುಪಿಎಸ್ ಮತ್ತು ಎಕ್ಸ್‌ಟೆನ್ಷನ್ ಬೋರ್ಡು. ಯುಪಿಎಸ್ ಬ್ಯಾಟರಿ ಕೆಲವು ವರ್ಷಗಳಲ್ಲಿ ಸೋಲುತ್ತದೆ. ಎಷ್ಟೋ ಸಲ ಕಂಪ್ಯೂಟರ್ ಸರಿಯಾಗಿದ್ದು ಯುಪಿಎಸ್ ಕೆಟ್ಟಿರುತ್ತದೆ. ಎರಡನ್ನೂ ಬಿಟ್ಟು ನೇರವಾಗಿ ಗೋಡೆಗೆ ಜೋಡಿಸಿ ನೋಡಿ. ಅನಂತರ ಕೇಬಲ್. ಸಿಪಿಯು ಡಬ್ಬಿಯ ಹಿಂದೆ ಅದು ಸಡಿಲವಾಗಿರಬಹುದು. ಮಾನಿಟರಿನ ಕೇಬಲ್ ಅದೇ ಮಾದರಿಯದಾಗಿದ್ದರೆ ಅದನ್ನು ಹಾಕಿ ಪರೀಕ್ಷಿಸಿ.

ಡಬ್ಬಿಯ ಹಿಂಬದಿಯ ಸ್ವಿಚ್ಚು ಒಂದು ಗೆರೆಯ ಗುರುತಿನ ಕಡೆಗೆ ಒತ್ತಿರಬೇಕು. ಸೊನ್ನೆಯ ಕಡೆಗೆ ಇದ್ದರೆ ಬಂದ್ ಎಂದರ್ಥ. ಹಳೆಯ ಯಂತ್ರಗಳಲ್ಲಿ 115 ಮತ್ತು 230 ಎಂದು ಬರೆದ ಇನ್ನೊಂದು ಚಿಕ್ಕ ಸ್ವಿಚ್ಚು ಇರುತ್ತದೆ. ನಮ್ಮಲ್ಲಿ ಅದು 230ರಲ್ಲಿಯೇ ಇರಬೇಕು. 115ಕ್ಕೆ ಸರಿಸಿ ವಿದ್ಯುತ್ತು ಕೊಟ್ಟರೆ ಒಳಗೆ ಸುಡುತ್ತದೆ.

ಇಷ್ಟಾದರೂ ಶುರುವಾಗದಿದ್ದರೆ ಪ್ಲಗ್ ಕಿತ್ತು, ಮುಂದಿನ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಒಳಗೆ ಉಳಿದ ವಿದ್ಯುತ್ತು ಹೋಗುತ್ತದೆ. ಮತ್ತೆ ಜೋಡಿಸಿ ನೋಡಿ. ಕೆಲವು ಯಂತ್ರಗಳು ಇಷ್ಟಕ್ಕೇ ಎಚ್ಚರಗೊಳ್ಳುತ್ತವೆ.

ಡಬ್ಬಿಯ ಒಳಗೆ ವಿದ್ಯುತ್ತನ್ನು ಮೊದಲು ಬರಮಾಡಿಕೊಳ್ಳುವುದು ಎಸ್‌ಎಂಪಿಎಸ್ ಎಂಬ ಪೆಟ್ಟಿಗೆ. ಅದು 230 ವೋಲ್ಟನ್ನು 12, 5 ಮತ್ತು 3.3 ವೋಲ್ಟಿಗೆ ಇಳಿಸಿ ಮದರ್‌ಬೋರ್ಡಿಗೆ ಕೊಡುತ್ತದೆ. ಮದರ್‌ಬೋರ್ಡಿನ ಮೇಲೆ ಸಣ್ಣ ದೀಪವೊಂದು ಉರಿಯುತ್ತಿದ್ದರೆ ಅಲ್ಲಿಯವರೆಗೆ ವಿದ್ಯುತ್ತು ಬಂದಿದೆ; ಆಗ ಮುಂಭಾಗದ ಗುಂಡಿಯನ್ನೂ ಅದರ ತಂತಿಯನ್ನೂ ಅನುಮಾನಿಸಬಹುದು. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಎಂದೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ 300 ವೋಲ್ಟಿಗೂ ಮಿಕ್ಕಿ ಉಳಿದಿರಬಹುದು. ಸುಟ್ಟ ವಾಸನೆ, ಹೊಗೆ, ಚಟಚಟ ಸದ್ದು ಬಂದರೆ ಗೋಡೆಯ ಸ್ವಿಚ್ಚು ಆರಿಸಿ, ಮತ್ತೆ ಪರೀಕ್ಷಿಸುವ ಆಸೆಯನ್ನು ಬಿಡಿ.

ಫ್ಯಾನ್ ತಿರುಗಿಯೂ ಪರದೆ ಕಪ್ಪಾಗಿಯೇ ಇದ್ದರೆ ಅದು ಬೇರೆ ದೋಷ. ಮಾನಿಟರಿನ ಕೇಬಲನ್ನು ನೋಡಿ. ಬೀಪ್ ಸದ್ದು ಬರುತ್ತಿದ್ದರೆ, ಪ್ಲಗ್ ಕಿತ್ತು ರ್‍ಯಾಮ್ ಪಟ್ಟಿಯನ್ನು ತೆಗೆದು ಮತ್ತೆ ಬಿಗಿಯಾಗಿ ಕೂರಿಸಿದರೆ ಅನೇಕ ಸಲ ಸರಿಹೋಗುತ್ತದೆ.

ಹಳ್ಳಿಯ ಕಂಪ್ಯೂಟರಿಗೆ ಕೆಲವು ಕಷ್ಟಗಳು ಹೆಚ್ಚು. ಪಂಪ್‌ಸೆಟ್ಟುಗಳು ಒಮ್ಮೆಲೇ ನಡೆಯುವಾಗ ವೋಲ್ಟೇಜ್ ಇಳಿಯಬಹುದು. ಕರೆಂಟು ಹೋಗಿ ಬರುವಾಗ ಏರಬಹುದು. ಇದಕ್ಕೆ ಸ್ಟೆಬಿಲೈಸರ್ ಅಥವಾ ಒಳ್ಳೆಯ ಯುಪಿಎಸ್, ಅದರ ಜೊತೆಗೆ ಸರಿಯಾದ ಅರ್ಥಿಂಗ್ ಬೇಕು. ಉಪ್ಪು, ಇದ್ದಿಲು ತುಂಬಿದ ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುವುದನ್ನು ಮರೆಯಬೇಡಿ. ಗುಡುಗು ಮಿಂಚು ಆರಂಭವಾಗುವ ಮುಂಚೆ ಪ್ಲಗ್ಗನ್ನೂ ಇಂಟರ್‌ನೆಟ್ ಕೇಬಲನ್ನೂ ಕಿತ್ತಿಡಿ.

ಇನ್ನೊಂದು ಕಷ್ಟ ಹೊಳೆಯದು. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿದಾಗ ಗೋಕಾಕ, ಮೂಡಲಗಿ ತಾಲ್ಲೂಕುಗಳ ದಂಡೆಯ ಊರುಗಳಿಗೆ ನೀರು ನುಗ್ಗಿತು. ನೀರು ಹೊಕ್ಕ ಕಂಪ್ಯೂಟರನ್ನು, ಮೇಲೆ ಒಣಗಿದಂತೆ ಕಂಡರೂ, ಶುರು ಮಾಡಿ ನೋಡಬಾರದು. ಒಳಗಿನ ಕೆಸರು, ತೇವದ ಮೂಲಕ ವಿದ್ಯುತ್ತು ಹರಿದರೆ ಉಳಿಯಬಹುದಾಗಿದ್ದ ಭಾಗವೂ ಸುಡುತ್ತದೆ. ಒದ್ದೆಯಾದ ಹಾರ್ಡ್ ಡಿಸ್ಕನ್ನು ಬಿಚ್ಚದೆ, ಬಿಸಿ ಮಾಡದೆ, ಮಾಹಿತಿ ಹೊರತೆಗೆಯಬಲ್ಲ ತಂತ್ರಜ್ಞರಿಗೆ ಒಪ್ಪಿಸಿ.

ರಿಪೇರಿಗೆ ಕೊಡುವಾಗ ‘ಶುರುವಾಗುತ್ತಿಲ್ಲ’ ಎಂದಷ್ಟೇ ಹೇಳಬೇಡಿ. ಏನೇನು ಪರೀಕ್ಷಿಸಿದಿರಿ, ಯಾವ ದೀಪ ಹತ್ತಿತು ಎಂಬುದನ್ನು ಬರೆದುಕೊಡಿ; ವೃಥಾ ಖರ್ಚು ತಪ್ಪುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ‘ನಮ್ಮನ್ನು ಕೇಳದೆ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಡಿ’ ಎಂದು ಸ್ಪಷ್ಟವಾಗಿ ತಿಳಿಸಿ. ಎಸ್‌ಎಂಪಿಎಸ್ ಬದಲಿಸಲು ಡಿಸ್ಕನ್ನು ಅಳಿಸಬೇಕಾಗಿಲ್ಲ. ಹೊಸ ಎಸ್‌ಎಂಪಿಎಸ್ ಅಂಗಡಿಯಲ್ಲಿ ಸಿಗುತ್ತದೆ. ಅಳಿಸಿಹೋದ ಹತ್ತು ವರ್ಷದ ಲೆಕ್ಕ ಸಿಗುವುದಿಲ್ಲ. ಯಂತ್ರ ಸರಿಹೋದ ದಿನವೇ ಅದರ ಪ್ರತಿಯೊಂದನ್ನು ಪೆನ್ ಡ್ರೈವಿನಲ್ಲಿ ತೆಗೆದು ಬೇರೆ ಕಡೆ ಇಟ್ಟುಕೊಳ್ಳಿ.