ಮಗನ ಬೈಕಿನ ಹಿಂದೆ ಕೂತು ನಲ್ಲರ್‌ಬಾರ್ ದಾಟಿದ್ದು

ನಮ್ಮ ಸಮಾಜದ ಎಷ್ಟೋ ಮನೆಗಳಲ್ಲಿ ಈಗ ಒಬ್ಬ ಮಗನೋ ಮಗಳೋ ಪರದೇಶದಲ್ಲಿದ್ದಾರೆ. ತಂದೆ ತಾಯಿ ಅಲ್ಲಿಗೆ ಹೋಗುತ್ತಾರೆ, ಎರಡು ಮೂರು ತಿಂಗಳು ಮನೆಯೊಳಗೆ ಕೂತು ಬರುತ್ತಾರೆ. ಮಗ ಬೆಳಿಗ್ಗೆ ಕೆಲಸಕ್ಕೆ ಹೋದರೆ ರಾತ್ರಿ ಬರುತ್ತಾನೆ. ಒಂದೇ ಸೂರಿನ ಕೆಳಗಿದ್ದರೂ ಮನಸ್ಸಿನ ಮಾತು ಆಗುವುದೇ ಇಲ್ಲ. 2023ರ ಮೇ ತಿಂಗಳಲ್ಲಿ ನಾನು ಆಸ್ಟ್ರೇಲಿಯದ ಅಡಿಲೇಡಿಗೆ ಮಗನ ಮನೆಗೆ ಹೋದಾಗ ಅವನು ಬೇರೆಯೇ ಏರ್ಪಾಡು ಮಾಡಿದ್ದ. ಹದಿನೈದು ದಿನ ರಜೆ ಹಾಕಿ, ನನ್ನನ್ನು ತನ್ನ ಮೋಟಾರ್ ಸೈಕಲ್ ಮೇಲೆ ಕೂರಿಸಿಕೊಂಡು ಪಶ್ಚಿಮದ ಪರ್ತ್ ಪಟ್ಟಣದ ತನಕ ಕರೆದುಕೊಂಡು ಹೋಗುವುದಾಗಿ ಹೇಳಿದ. ಅರವತ್ತು ದಾಟಿದವರು ಇಂಥ ಪ್ರಯಾಣ ಮಾಡಬಹುದೇ, ನಮ್ಮ ಆಚಾರ ಉಳಿಯುತ್ತದೆಯೇ ಎಂದು ಊರಿಗೆ ಬಂದ ಮೇಲೆ ಅನೇಕರು ಕೇಳಿದರು. ಅವರಿಗಾಗಿ ಈ ನಾಲ್ಕು ಮಾತು.

ದಾರಿ ಎಂಥದು?

ಅಡಿಲೇಡಿನಿಂದ ಉತ್ತರಕ್ಕೆ ಮುನ್ನೂರು ಕಿಲೋಮೀಟರು ಹೋದರೆ ಪೋರ್ಟ್ ಆಗಸ್ಟಾ. ಅಲ್ಲಿಂದ ಪಶ್ಚಿಮಕ್ಕೆ ನಾರ್ಸ್‌ಮನ್ ಎಂಬ ಊರಿನ ತನಕ ಏರ್ ಹೆದ್ದಾರಿ, ಸುಮಾರು 1,660 ಕಿಲೋಮೀಟರು. 1841ರಲ್ಲಿ ಎಡ್ವರ್ಡ್ ಜಾನ್ ಏರ್ ಎಂಬಾತ ಈ ನಾಡನ್ನು ದಾಟಿದ. ರಸ್ತೆಗೆ ಅವನದೇ ಹೆಸರು. ಜೊತೆಗಿದ್ದ ಬ್ಯಾಕ್ಸ್‌ಟರ್ ದಾರಿಯಲ್ಲೇ ಕೊಲೆಯಾದ. ಕೊನೆಯ ತನಕ ಜೊತೆಗೆ ನಡೆದವನು ವೈಲಿ ಎಂಬ ಮೂಲನಿವಾಸಿ ಹುಡುಗ. ನೀರಿನ ನೆಲೆಗಳನ್ನು ತೋರಿಸಿಕೊಟ್ಟವರೂ ಅಲ್ಲಿಯ ಮೂಲನಿವಾಸಿಗಳೇ. ರಸ್ತೆಗೆ ಪೂರ್ತಿ ಡಾಂಬರು ಬಿದ್ದದ್ದು 1976ರಲ್ಲಿ.

ಮೊದಲು ಗೋಧಿಯ ಹೊಲಗಳು. ಸೆಡೂನಾ ಊರು ದಾಟಿ, ಗಾಳಿಯಂತ್ರಗಳಿಂದ ನೀರೆತ್ತುವ ಪೆನಾಂಗ್ ಕಳೆದ ಮೇಲೆ ಹೊಲಗಳು ಮುಗಿದು ನಲ್ಲರ್‌ಬಾರ್ ಬಯಲು ಬರುತ್ತದೆ. ಲ್ಯಾಟಿನ್ ಭಾಷೆಯಲ್ಲಿ ಆ ಹೆಸರಿಗೆ ‘ಒಂದೂ ಮರವಿಲ್ಲ’ ಎಂದು ಅರ್ಥ. ಎರಡು ಲಕ್ಷ ಚದರ ಕಿಲೋಮೀಟರಿನ ಸುಣ್ಣಕಲ್ಲಿನ ನೆಲ. ನಮ್ಮ ಅಕ್ಕಲಕೋಟ ಕಡೆಯ ಎರೆಭೂಮಿ ಬೇಸಿಗೆಯಲ್ಲಿ ಬಟ್ಟಬಯಲಾಗಿ ಕಾಣುವುದುಂಟು. ಆದರೆ ಅಲ್ಲೊಂದು ಬೇವು, ಇಲ್ಲೊಂದು ಬನ್ನಿ ಇದ್ದೇ ಇರುತ್ತದೆ. ಇಲ್ಲಿ ಕುರುಚಲು ಗಿಡ ಬಿಟ್ಟರೆ ಆಕಾಶವೊಂದೇ. ಊರುಗಳಿಲ್ಲ. ಪೆಟ್ರೋಲು, ಊಟ, ವಸತಿ ಒಂದೇ ಕಡೆ ಸಿಗುವ ರೋಡ್‌ಹೌಸುಗಳಿವೆ. ಒಂದರಿಂದ ಇನ್ನೊಂದಕ್ಕೆ ಕೆಲವು ಕಡೆ 190 ಕಿಲೋಮೀಟರು. ನಡುವೆ ಬಹಳ ಕಡೆ ಮೊಬೈಲು ನಡೆಯುವುದಿಲ್ಲ. ರಸ್ತೆಯ ಮೇಲೇ ಅಲ್ಲಲ್ಲಿ ಬಿಳಿ ಪಟ್ಟೆ ಬಳಿದಿದ್ದಾರೆ. ಯಾರಿಗಾದರೂ ಅಪಾಯವಾದರೆ ವೈದ್ಯರ ವಿಮಾನ ಆ ಜಾಗದಲ್ಲಿ ಇಳಿಯುತ್ತದೆ. 1928ರಲ್ಲಿ ಜಾನ್ ಫ್ಲಿನ್ ಎಂಬ ಪಾದ್ರಿ ಆರಂಭಿಸಿದ ಸೇವೆ ಅದು. ದೂರದ ಹಳ್ಳಿಯವನ ಜೀವಕ್ಕೂ ಪಟ್ಟಣದವನ ಜೀವದಷ್ಟೇ ಬೆಲೆ ಕೊಟ್ಟ ಈ ಕೆಲಸವನ್ನು ಜೀವದಯೆ ಎಂದೇ ನಾನು ತಿಳಿಯುತ್ತೇನೆ.

ಉಡುಗೆ, ಊಟ, ನೀರು

ಬೈಕ್ ಸವಾರರು ಸಾಮಾನ್ಯವಾಗಿ ಚರ್ಮದ ಜಾಕೆಟ್ಟು, ಚರ್ಮದ ಕೈಗವಸು ಹಾಕುತ್ತಾರೆ. ನಾನು ಒಲ್ಲೆ ಎಂದೆ. ಅಷ್ಟೇ ಗಟ್ಟಿಯಾದ ನೈಲಾನ್ ಬಟ್ಟೆಯವು ಸಿಗುತ್ತವೆ. ಮೊಣಕೈ, ಬೆನ್ನು, ಮೊಣಕಾಲಿಗೆ ಒಳಗೆ ರಕ್ಷಣೆಯ ಪಟ್ಟಿಗಳಿರುತ್ತವೆ. ಹಿಂದಿನ ಪೆಟ್ಟಿಗೆಗೆ ಬೆನ್ನು ಆನಿಸುವ ದಿಂಬು ಕಟ್ಟಿಸಿದ್ದರಿಂದ ನನ್ನ ಸೊಂಟ ಉಳಿಯಿತು.

ರೋಡ್‌ಹೌಸಿನಲ್ಲಿ ನಮಗೆ ತಿನ್ನಲು ಬರುವಂಥದು ಕಡಿಮೆ. ಶಾಕಾಹಾರ ಎಂದು ಕೊಡುವುದು ಹೆಚ್ಚಾಗಿ ಆಲೂಗಡ್ಡೆ, ಅದು ಕಂದಮೂಲ. ಆದ್ದರಿಂದ ಸೊಸೆ ಕಡಕ್ ಜೋಳದ ರೊಟ್ಟಿ, ಬೆಳ್ಳುಳ್ಳಿ ಹಾಕದ ಶೇಂಗಾ ಚಟ್ನಿಪುಡಿ, ಹುರಿಹಿಟ್ಟು ಕಟ್ಟಿಕೊಟ್ಟಳು. ಸಣ್ಣ ಗ್ಯಾಸ್ ಒಲೆಯ ಮೇಲೆ ನೀರು ಸೋಸಿ ಕಾಯಿಸಿಕೊಳ್ಳುತ್ತಿದ್ದೆವು. ಆ ಬಯಲಿನಲ್ಲಿ ಸಿಹಿನೀರು ತುಟ್ಟಿಯ ವಸ್ತು. ಕುಡಿಯುವ ನೀರನ್ನು ಸೆಡೂನಾದಲ್ಲೇ ತುಂಬಿಕೊಳ್ಳಬೇಕು.

ಇನ್ನೊಂದು ಸಂಗತಿ ಗೊತ್ತಿರಲಿ. ಪಶ್ಚಿಮ ಆಸ್ಟ್ರೇಲಿಯದ ಗಡಿಯಲ್ಲಿ ತಪಾಸಣೆ ಉಂಟು. ಬೆಳೆಗಳಿಗೆ ಕೀಟ, ರೋಗ ಹರಡಬಾರದೆಂದು ಹಣ್ಣು, ಕಾಯಿಪಲ್ಲೆ, ಜೇನು ಒಳಗೆ ಬಿಡುವುದಿಲ್ಲ. ಉಳಿದ ಬಾಳೆಹಣ್ಣುಗಳನ್ನು ಗಡಿಗಿಂತ ಮುಂಚೆಯೇ ತಿಂದು ಮುಗಿಸಿದೆವು. ಜೇನು ಇದೆಯೇ ಎಂದು ಅಧಿಕಾರಿ ಕೇಳಿದ. “ನಮ್ಮ ಮನ್ಯಾಗ ತಲಿತಲಾಂತರದಿಂದ ಜೇನು ತಂದಿಲ್ಲ ಅಂತ ಹೇಳಪಾ” ಎಂದು ಮಗನಿಗೆ ಹೇಳಿದೆ. ಅವನು ಇಂಗ್ಲಿಷಿನಲ್ಲಿ ತಿಳಿಸಿದಾಗ ಅಧಿಕಾರಿ ನಕ್ಕ.

ಸೂರ್ಯ ಮುಳುಗುವ ಮುಂಚೆ

ಮಗನ ಲೆಕ್ಕದಲ್ಲಿ ನಾರ್ಸ್‌ಮನ್ ಮುಟ್ಟಲು ಮೂರು ದಿನ. “ಅಪ್ಪಾ, ದಿನಾ ಏಳನೂರ ಕಿಲೋಮೀಟರ್ ಹೊಡದರ ಆತು” ಎಂದ. ನನಗೆ ರಾತ್ರಿಭೋಜನ ತ್ಯಾಗವಿದೆ. ಸೂರ್ಯಾಸ್ತಕ್ಕೆ ಎರಡು ಗಳಿಗೆ ಮೊದಲೇ ಊಟ ಮುಗಿಯಬೇಕು. ಮೇ ತಿಂಗಳು ಅಲ್ಲಿ ಚಳಿಗಾಲದ ಹೊಸ್ತಿಲು, ಹಗಲು ಹತ್ತೂಕಾಲು ತಾಸಿನಷ್ಟೇ. ಹಾಗಾಗಿ ದಿನಕ್ಕೆ ಇನ್ನೂರರಿಂದ ಮುನ್ನೂರು ಕಿಲೋಮೀಟರು ಎಂದು ಗೊತ್ತು ಮಾಡಿದೆವು. ಬೆಳಿಗ್ಗೆ ಸಾಮಾಯಿಕ ಮುಗಿಸಿ, ‘ಇಂದು ಇಂಥ ರೋಡ್‌ಹೌಸಿನಿಂದ ಆಚೆ ಹೋಗುವುದಿಲ್ಲ’ ಎಂದು ದೇಶವ್ರತ ತೆಗೆದುಕೊಳ್ಳುತ್ತಿದ್ದೆ. ಪೋರ್ಟ್ ಆಗಸ್ಟಾ, ವುಡಿನ್ನಾ, ಸೆಡೂನಾ, ನಲ್ಲರ್‌ಬಾರ್, ಯೂಕ್ಲಾ, ಕಾಕಲ್‌ಬಿಡಿ, ಬ್ಯಾಲಡೋನಿಯಾ, ನಾರ್ಸ್‌ಮನ್ ಹೀಗೆ ಎಂಟು ದಿನ.

ಮೊದಲೆರಡು ದಿನ ಮಗನಿಗೆ ಇದು ಮುದುಕನ ಹಟ ಎನಿಸಿರಬೇಕು. ನಲ್ಲರ್‌ಬಾರ್‌ನಲ್ಲಿ ಒಬ್ಬ ಹಿರಿಯ ಲಾರಿ ಚಾಲಕ ಅದೇ ಮಾತನ್ನು ಬೇರೆ ರೀತಿಯಲ್ಲಿ ಹೇಳಿದ. ಕಾಂಗರೂಗಳು ಹಗಲೆಲ್ಲ ಪೊದೆಯ ನೆರಳಲ್ಲಿ ಮಲಗಿದ್ದು, ಸಂಜೆ ಮತ್ತು ನಸುಕಿನಲ್ಲಿ ಮೇಯಲು ಏಳುತ್ತವೆ. ಬೆಳಕು ಕಂಡು ದಿಕ್ಕುಗೆಟ್ಟು ರಸ್ತೆಗೆ ಜಿಗಿಯುತ್ತವೆ. ಲಾರಿಗೆ ಬಡಿದರೆ ಪ್ರಾಣಿ ಸಾಯುತ್ತದೆ. ಬೈಕಿಗೆ ಬಡಿದರೆ ಪ್ರಾಣಿಯೂ ಸವಾರನೂ ಸಾಯಬಹುದು. ತಿಳಿದ ಸವಾರರು ಹೊತ್ತು ಇಳಿಯುವ ಮೊದಲೇ ಗಾಡಿ ನಿಲ್ಲಿಸುತ್ತಾರೆ. ರಸ್ತೆಯ ಬದಿಗೆ ಸತ್ತು ಬಿದ್ದ ಕಾಂಗರೂಗಳನ್ನು, ಅವುಗಳ ಮೇಲೆ ಕೂತ ದೊಡ್ಡ ಹದ್ದುಗಳನ್ನು ನಾವು ದಿನವೂ ಕಂಡಿದ್ದೆವು. ನಮ್ಮ ಮುನಿ ಮಹಾರಾಜರು ಹಗಲ ಬೆಳಕಿನಲ್ಲಿ ಮಾತ್ರ, ನೆಲ ನೋಡಿಕೊಂಡು ವಿಹಾರ ಮಾಡುವುದು ಯಾಕೆಂದು ಅಲ್ಲಿ ಕಣ್ಣಿಗೆ ಕಟ್ಟಿತು. ಗಾಡಿ ಹತ್ತಿದ ಮೇಲೆ ಹಿಂಸೆ ಪೂರ್ತಿ ತಪ್ಪುವುದಿಲ್ಲ. ಗಾಜಿಗೆ ಬಡಿದ ಕೀಟಗಳನ್ನು ನೆನೆದು ಸಂಜೆ ಪ್ರತಿಕ್ರಮಣ ಮಾಡುತ್ತಿದ್ದೆ. ಆದರೆ ತಪ್ಪಿಸಬಹುದಾದಷ್ಟನ್ನು ತಪ್ಪಿಸಬಹುದು.

ಗಡಿಯಾರದ ಒಂದು ತಮಾಷೆಯೂ ಉಂಟು. ದಕ್ಷಿಣ ಆಸ್ಟ್ರೇಲಿಯದ್ದು ಒಂದು ಸಮಯ, ಪಶ್ಚಿಮದ್ದು ಅದಕ್ಕಿಂತ ಒಂದೂವರೆ ತಾಸು ಹಿಂದೆ. ನಡುವೆ ಯೂಕ್ಲಾ ಸುತ್ತಿನ ನಾಲ್ಕಾರು ರೋಡ್‌ಹೌಸಿನವರು ಎರಡಕ್ಕೂ ಮಧ್ಯದ, ಮುಕ್ಕಾಲು ತಾಸಿನ ತಮ್ಮದೇ ಸಮಯ ಇಟ್ಟುಕೊಂಡಿದ್ದಾರೆ. ಮಗ ಗಡಿಯಾರ ತಿರುಗಿಸುತ್ತಲೇ ಇದ್ದ. ನಾನು ಸೂರ್ಯನನ್ನು ನೋಡಿ ಊಟ ಮಾಡುವವನು, ನನಗೇನೂ ತೊಂದರೆಯಾಗಲಿಲ್ಲ.

ತಂದೆ ಮಗನ ಮಾತು

ಬೈಕಿನ ಮೇಲೆ ಮಾತಾಡಲು ಬರುವುದಿಲ್ಲ. ಗಾಳಿಯ ಸದ್ದು, ಹೆಲ್ಮೆಟ್ಟು. ಭುಜ ಒಮ್ಮೆ ತಟ್ಟಿದರೆ ನಿಧಾನ, ಎರಡು ಸಲ ತಟ್ಟಿದರೆ ನಿಲ್ಲಿಸು, ಇಷ್ಟೇ ನಮ್ಮ ಭಾಷೆ. ಆದರೆ ನಾಲ್ಕು ಗಂಟೆಗೇ ಊಟ ಮುಗಿದರೆ ಮುಂದೆ ದೊಡ್ಡ ಸಂಜೆ ಉಳಿಯುತ್ತದೆ. ಟಿವಿ ಇಲ್ಲ, ಫೋನಿಲ್ಲ, ಹೋಗಲು ಬೇರೆ ಜಾಗವಿಲ್ಲ.

ಕಾಕಲ್‌ಬಿಡಿಯಲ್ಲಿ ಅಂಥ ಒಂದು ಸಂಜೆ ಮಗ ಹೇಳಿದ: “ಅಪ್ಪಾ, ನಾ ತಿರುಗಿ ಬರಾಂಗಿಲ್ಲ. ದುಕಾನಿನ ಆಸೆ ನನ್ನ ಮ್ಯಾಲ ಇಡಬ್ಯಾಡ್ರಿ.” ನಮ್ಮದು ಮೂರು ತಲೆಮಾರಿನ ಕಾಳುಕಡಿ ವ್ಯಾಪಾರ. ಹನ್ನೊಂದು ವರ್ಷ ಫೋನಿನಲ್ಲಿ ಅವನು ಆಡದ ಮಾತು ಅದು, ನಾನು ಕೇಳದ ಮಾತೂ ಹೌದು. ಆ ರಾತ್ರಿ ನನ್ನಿಂದ ಉತ್ತರ ಬರಲಿಲ್ಲ.

ಮರುದಿನದ ದಾರಿ ಕೈಗೂನಾದಿಂದ ಬ್ಯಾಲಡೋನಿಯಾದ ಕಡೆಗೆ, 146.6 ಕಿಲೋಮೀಟರು ಒಂದೇ ಒಂದು ತಿರುವಿಲ್ಲದ ನೇರ ರಸ್ತೆ. ಮುಂದೆ ಮಗನ ಬೆನ್ನು, ಅದರಾಚೆ ರಸ್ತೆ. ಹೇಳುವ ಹಾಗಿಲ್ಲ, ಕೇಳುವ ಹಾಗಿಲ್ಲ. ಸಿಟ್ಟು ಬಂದರೂ ಆಡಿ ಕೆಡಿಸಲು ದಾರಿಯಿಲ್ಲ. ನಮ್ಮ ತಂದೆ ನನ್ನನ್ನು ಮೆಟ್ರಿಕ್ ಮುಗಿದ ವಾರದಲ್ಲೇ ಗಾದಿಯ ಮೇಲೆ ಕೂರಿಸಿದ್ದರು. ನಿನಗೇನು ಬೇಕು ಎಂದು ಆ ಕಾಲದಲ್ಲಿ ಯಾರೂ ಕೇಳುತ್ತಿರಲಿಲ್ಲ. ಇವನು ಕೇಳುವ ಮೊದಲೇ ಹೇಳಿದ್ದಾನೆ, ಅದೂ ಕಣ್ಣಲ್ಲಿ ಕಣ್ಣಿಟ್ಟು. ಎರಡು ತಾಸಿನಲ್ಲಿ ನನ್ನ ಮನಸ್ಸು ತಿಳಿಯಾಯಿತು.

ಬ್ಯಾಲಡೋನಿಯಾದಲ್ಲಿ ಒಂದು ಸಣ್ಣ ಸಂಗ್ರಹಾಲಯ. 1979ರ ಜುಲೈಯಲ್ಲಿ ಬಿದ್ದ ಸ್ಕೈಲ್ಯಾಬ್ ಬಗ್ಗೆ ಅಲ್ಲಿ ಇಟ್ಟಿದ್ದಾರೆ. ನಮ್ಮ ತಲೆಯ ಮೇಲೇ ಬೀಳುತ್ತದೆ ಎಂದು ಆಗ ನಮ್ಮೂರಲ್ಲೂ ಜನ ನಡುಗಿದ್ದರು. ಚೂರುಗಳು ಬಿದ್ದದ್ದು ಈ ಬಯಲಿನ ಸುತ್ತ, ಸತ್ತವರು ಯಾರೂ ಇಲ್ಲ. ಅದನ್ನು ಮಗನಿಗೆ ಹೇಳಿ ನಕ್ಕು, ಬಳಿಕ ಹೇಳಿದೆ: “ದುಕಾನ ನಿಮ್ಮ ಕಾಕಾನ ಮಗ ನೋಡಿಕೋತಾನ. ನೀ ವರ್ಷಕ್ಕೊಮ್ಮೆ ಮನಿಗೆ ಬಾ. ಮಕ್ಕಳಿಗೆ ಕನ್ನಡ ಬರಲಿ, ಣಮೋಕಾರ ಬರಲಿ.” ರಾತ್ರಿ ಊಟ ಬಿಡುವುದು ತನ್ನ ಕೆಲಸದಲ್ಲಿ ದಿನವೂ ಆಗದು, ಅಷ್ಟಮಿ ಚತುರ್ದಶಿಗೆ ಬಿಡುತ್ತೇನೆ ಎಂದು ತಾನಾಗಿಯೇ ಅಂದ. ನಾನು ಕೇಳಿರಲಿಲ್ಲ.

ಪರ್ತ್‌ನಿಂದ ನಾನು ವಿಮಾನ ಹತ್ತಿದೆ, ಮಗ ಅದೇ ದಾರಿಯಲ್ಲಿ ಹಿಂದಿರುಗಿದ. ಸೂರ್ಯ ಮುಳುಗುವ ಮುಂಚೆ ಗಾಡಿ ನಿಲ್ಲಿಸುತ್ತಾ ಹೋದನೆಂದು ಫೋನಿನಲ್ಲಿ ತಿಳಿಸಿದ.

ಹೊರಡುವವರಿಗೆ ಎರಡು ಸೂಚನೆ. ವೈದ್ಯರಿಗೆ ತೋರಿಸಿ, ಪ್ರವಾಸ ವಿಮೆ ಮಾಡಿಸಿ ಹೋಗಿರಿ. ಚಾತುರ್ಮಾಸಕ್ಕೆ ಮೊದಲು, ಏಪ್ರಿಲ್–ಮೇ ತಿಂಗಳು ನಮಗೆ ಅನುಕೂಲ. ಬೈಕೇ ಆಗಬೇಕೆಂದಿಲ್ಲ, ಕಾರಾದರೂ ಸರಿ. ಆದರೆ ಮಕ್ಕಳ ಊರಿಗೆ ಹೋದಾಗ ಅವರ ಜೊತೆ ಒಂದು ದೂರದ ದಾರಿ ನಡೆಯಿರಿ, ನಿಮ್ಮ ನಿಯಮಗಳನ್ನೂ ಜೊತೆಗೆ ಕಟ್ಟಿಕೊಂಡು ಹೋಗಿರಿ. ಅವು ಭಾರವಾಗುವುದಿಲ್ಲ.

ಜಯ ಜಿನೇಂದ್ರ.