ಕಾರಿನ ಎ.ಸಿ. ಗ್ಯಾಸ್ ಎಲ್ಲಿಗೆ ಹೋಯಿತು?

ನಮ್ಮ ಕಾಕಾನ ಬಾಡಿಗೆ ಕಾರು ನಿಮಗೆಲ್ಲ ಗೊತ್ತೇ ಇದೆ. 2005ರ ಮಾಡೆಲ್, ಅಂದರೆ ವಯಸ್ಸಿನಲ್ಲಿ ನನಗಿಂತ ದೊಡ್ಡದು. ಈ ಬೇಸಿಗೆಯಲ್ಲಿ ಅಜ್ಜಿಗೆ ರಾಯಚೂರಿನಲ್ಲಿ ಕಣ್ಣಿನ ಪೊರೆ ಆಪರೇಷನ್ ಇತ್ತು. ವಾಪಸ್ ಕರಕೊಂಡು ಬರುವಾಗ ಕಣ್ಣಿಗೆ ಧೂಳು ಬೀಳಬಾರದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಗಾಜು ಇಳಿಸಿದರೆ ಧೂಳು. ಏರಿಸಿದರೆ ನಮ್ಮ ಕಡೆ ಬಿಸಿಲಿಗೆ ಕಾರು ಅಂಬೋದು ಒಲೆ. ಎ.ಸಿ. ಹಾಕಿದರೆ ಬಿಸಿ ಗಾಳಿ! ಎರಡು ತಿಂಗಳಲ್ಲಿ ಎರಡು ಸಲ ಗ್ಯಾಸ್ ತುಂಬಿಸಿದ್ದರು, ಎರಡೂ ಸಲ ಖಾಲಿ. "ಹಳೇ ಗಾಡಿ, ಗ್ಯಾಸ್ ಜಾಸ್ತಿ ತಿಂತೈತಿ" ಎಂದು ಕಾಕಾ ಬೈದುಕೊಂಡರು. ನಾನೂ ಹಾಗೇ ತಿಳಿದಿದ್ದೆ.

ಆಮೇಲೆ ಬೇರೆ ಒಬ್ಬ ಮಿಸ್ತ್ರಿ ಚಾಚಾ ಹತ್ತಿರ ಹೋದೆವು. ಅವರು ನಕ್ಕು, "ಇದು ಪೆಟ್ರೋಲ್ ಅಲ್ಲೋ ತಮ್ಮ, ಉರಿದು ಮುಗಿಯಾಕ. ಹೋಗೈತಿ ಅಂದ್ರ ಎಲ್ಲೋ ಸೋರೈತಿ" ಅಂದರು.

ಅದು ಹೇಗೆಂದರೆ, ಇಂಜೆಕ್ಷನ್ ಕೊಡುವ ಮುಂಚೆ ಸ್ಪಿರಿಟ್ ಹಚ್ಚಿದಾಗ ತೋಳು ತಣ್ಣಗಾಗುತ್ತದಲ್ಲವೇ? ದ್ರವ ಆವಿಯಾಗುವಾಗ ಶಾಖ ಎಳೆದುಕೊಳ್ಳುತ್ತದೆ. ಎ.ಸಿ.ಯಲ್ಲೂ ಅದೇ ಕತೆ. ಈ ಕಾರಿನ ಗ್ಯಾಸಿನ ಹೆಸರು ಆರ್-134ಎ. ಬಯಲಿನಲ್ಲಿ ಅದು ಸೊನ್ನೆಗಿಂತ ಕೆಳಗೆ 26 ಡಿಗ್ರಿಯಲ್ಲೇ ಕುದಿಯುತ್ತದೆ! ಎಂಜಿನ್ ಬೆಲ್ಟಿನಿಂದ ತಿರುಗುವ ಕಂಪ್ರೆಸರ್ ಅದನ್ನು ಒತ್ತುತ್ತದೆ. ಆಗ ಬಿಸಿಯಾದ ಗ್ಯಾಸು ರೇಡಿಯೇಟರ್ ಮುಂದಿರುವ ಕಂಡೆನ್ಸರ್ ಜಾಲರಿಯಲ್ಲಿ ಶಾಖವನ್ನು ಹೊರಗೆ ಬಿಟ್ಟು ದ್ರವವಾಗುತ್ತದೆ. ಸಣ್ಣ ತೂತಿನಿಂದ ನುಗ್ಗಿ, ಡ್ಯಾಶ್‌ಬೋರ್ಡ್ ಒಳಗಿನ ಇನ್ನೊಂದು ಜಾಲರಿಯಲ್ಲಿ ಕುದ್ದು, ಕಾರಿನೊಳಗಿನ ಶಾಖ ಹೀರಿ ಮತ್ತೆ ಕಂಪ್ರೆಸರಿಗೆ ಬರುತ್ತದೆ. ಸುತ್ತಿದ್ದೇ ಸುತ್ತುವುದು, ಖರ್ಚಾಗುವುದಿಲ್ಲ.

ಚಾಚಾ ಮೊದಲು ಗಾಳಿ ಬರುತ್ತದೆಯೇ ನೋಡಿದರು. ಜೋರಾಗಿ ಬಂತು, ಹಾಗಾಗಿ ಒಳಗಿನ ಫ್ಯಾನು ಸರಿ. ಅದೇ ಬರದಿದ್ದರೆ ಮೊದಲು ಫ್ಯೂಸ್ ನೋಡಬೇಕಂತೆ. ಆಮೇಲೆ ಬಾನೆಟ್ ಎತ್ತಿ, ಎಂಜಿನ್ ಚಾಲೂ ಇಟ್ಟು ನನಗೆ ಎ.ಸಿ. ಬಟನ್ ಒತ್ತಲು ಹೇಳಿದರು. ಕಂಪ್ರೆಸರಿನ ಕ್ಲಚ್ 'ಟಕ್' ಅನ್ನಬೇಕಿತ್ತು. ಅನ್ನಲಿಲ್ಲ. ಕಾಕಾ ಮುಖ ಸಣ್ಣದಾಯಿತು, ಕಂಪ್ರೆಸರ್ ಅಂದರೆ ಸಾವಿರಗಟ್ಟಲೆ ದುಡ್ಡು. ಆದರೆ ಕಂಪ್ರೆಸರ್ ಕೆಟ್ಟಿರಲಿಲ್ಲ. ಗ್ಯಾಸಿನ ಜೊತೆಗೇ ಎಣ್ಣೆಯೂ ಸುತ್ತುತ್ತದೆ. ಗ್ಯಾಸ್ ಇಲ್ಲದೆ ಓಡಿದರೆ ಕಂಪ್ರೆಸರ್ ಜಾಮ್ ಆಗಬಹುದು. ಅದಕ್ಕೆ ಒತ್ತಡ ಇಳಿದರೆ ಒಂದು ಸ್ವಿಚ್ ಅದನ್ನು ತಡೆದು ನಿಲ್ಲಿಸುತ್ತದೆ. ಪಾಪ, ಅದು ತನ್ನ ಕೆಲಸ ಮಾಡಿತ್ತು!

(ಓಡುವಾಗ ತಂಪು, ನಿಂತಾಗ ಬಿಸಿ ಆಗುವ ಗಾಡಿಗಳೂ ಇವೆ. ಅವುಗಳಲ್ಲಿ ಕಂಡೆನ್ಸರಿನ ಫ್ಯಾನ್ ನಿಂತಿರಬಹುದು ಅಥವಾ ಜಾಲರಿಗೆ ಮಣ್ಣು ಮೆತ್ತಿರಬಹುದು.)

ಈಗ ಸೋರಿಕೆ ಹುಡುಕಬೇಕು. ಗ್ಯಾಸ್ ಕಣ್ಣಿಗೆ ಕಾಣುವುದಿಲ್ಲ, ಆದರೆ ಎಣ್ಣೆ ಕಾಣುತ್ತದೆ. ಕಂಡೆನ್ಸರ್ ಪಕ್ಕದ ಪೈಪಿನ ಜಾಯಿಂಟಿನಲ್ಲಿ ಜಿಡ್ಡು, ಅದರ ಮೇಲೆ ಧೂಳು ಅಂಟಿತ್ತು. ಚಾಚಾ ನೈಟ್ರೋಜನ್ ತುಂಬಿ ಸೋಪಿನ ನೀರು ಸವರಿದರು. ಬುಸುಬುಸು ಗುಳ್ಳೆ! ಒಳಗಿದ್ದ ರಬ್ಬರ್ ರಿಂಗ್ ಗಟ್ಟಿಯಾಗಿ ಬಿರಿದಿತ್ತು. ಬಳೆಗಿಂತ ಸಣ್ಣ ರಿಂಗು. ಎರಡು ಸಲ ಗ್ಯಾಸ್ ತುಂಬಿದವರು ಇದನ್ನು ನೋಡಿರಲೇ ಇಲ್ಲ. ನನಗೆ ಬಹಳ ಸಿಟ್ಟು ಬಂತು.

ರಿಂಗ್ ಬದಲಿಸಿದ ಕೂಡಲೇ ಗ್ಯಾಸ್ ತುಂಬಲಿಲ್ಲ. ಪಂಪಿನಿಂದ ಒಳಗಿನ ಗಾಳಿ, ತೇವವನ್ನೆಲ್ಲ ಅರ್ಧ ಗಂಟೆ ಎಳೆದರು. ತೇವ ಉಳಿದರೆ ಆ ಸಣ್ಣ ತೂತಿನಲ್ಲಿ ಮಂಜುಗಡ್ಡೆ ಕಟ್ಟುತ್ತದೆ. ಪಂಪ್ ನಿಲ್ಲಿಸಿ ಮೀಟರಿನ ಮುಳ್ಳು ಅಲ್ಲಾಡುತ್ತದಾ ಎಂದು ಕಾದರು. ಅಲ್ಲಾಡಲಿಲ್ಲ. ಆಮೇಲೆ ತೂಕ ಮಾಡಿ ಗ್ಯಾಸ್ ಹಾಕಿದರು. ಪೈಪನ್ನು ನಾವು ಬಿಚ್ಚಲೇಬಾರದು. ಗ್ಯಾಸ್ ಚಿಮ್ಮಿದರೆ ಚರ್ಮ, ಕಣ್ಣು ಹೆಪ್ಪುಗಟ್ಟುತ್ತವೆ. ಇನ್ನೂ ಹಳೇ ಕಾರುಗಳಲ್ಲಿ ಆರ್-12 ಇತ್ತು. ಅದು ಓಜೋನ್ ಪದರ ಹಾಳು ಮಾಡುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದದಿಂದಾಗಿ ಬಿಟ್ಟರು. ಈಗಿನದು ಓಜೋನ್ ಕೆಡಿಸುವುದಿಲ್ಲ, ಆದರೆ ಸೋರಿದರೆ ಭೂಮಿ ಬಿಸಿಯಾಗುತ್ತದೆ.

ಆಪರೇಷನ್ ದಿನ ಆಸ್ಪತ್ರೆ ಮುಂದೆ ಕಾರಿನ ಕೆಳಗೆ ನೀರು ತೊಟ್ಟಿಕ್ಕುತ್ತಿತ್ತು. ನಾನು ಗಾಬರಿಯಾದೆ. ಅದು ಸೋರಿಕೆ ಅಲ್ಲ, ಗಾಳಿಯ ತೇವ ತಂಪು ಜಾಲರಿಗೆ ತಾಗಿ ನೀರಾಗಿದ್ದು ಎಂದು ಕಾಕಾ ಹೇಳಿದರು. ಅಜ್ಜಿ ಕಪ್ಪು ಕನ್ನಡಕ ಹಾಕಿ, ಗಾಜು ಏರಿಸಿಕೊಂಡು ಬಂದಳು. ಅರ್ಧ ದಾರಿಗೇ, "ಯಪ್ಪಾ, ಮೊಣಕಾಲು ಹಿಡಕೊಂಡ್ವು, ಆ ತಂಪು ಬಂದ್ ಮಾಡೋ" ಅಂದಳು.