ಮೋಸದ ಇಮೇಲ್ ಕಣ್ಣಿಗೆ ನಾವು ಯಾರು?

ಪ್ರಶ್ನೆ: ‘ನೈಜೀರಿಯಾದ ಶ್ರೀಮಂತನ ಕೋಟಿಗಟ್ಟಲೆ ಹಣ ನಿಮಗೇ’ ಎನ್ನುವ ಇಮೇಲ್‌ಗಳು ಇಷ್ಟು ಪೆದ್ದುಪೆದ್ದಾಗಿ ಏಕಿರುತ್ತವೆ? ನಮ್ಮನ್ನು ಅವರು ಏನೆಂದುಕೊಂಡಿದ್ದಾರೆ?

ಉತ್ತರ: ಆ ಪೆದ್ದುತನದ ಹಿಂದೆ ಲೆಕ್ಕಾಚಾರವಿದೆ ಎಂದು ಮೈಕ್ರೋಸಾಫ್ಟ್ ಸಂಶೋಧಕ ಕೋರ್ಮಾಕ್ ಹರ್ಲಿ 2012ರಲ್ಲಿ ವಾದಿಸಿದರು. ಲಕ್ಷ ಜನಕ್ಕೆ ಇಮೇಲ್ ಕಳಿಸಲು ಹೆಚ್ಚು ಖರ್ಚಿಲ್ಲ. ಉತ್ತರಿಸಿದ ಒಬ್ಬೊಬ್ಬರನ್ನೂ ನಂಬಿಸಲು ಮಾತ್ರ ದಿನಗಟ್ಟಲೆ ಬೇಕು. ಹಾಗಾಗಿ ನಂಬಲಾಗದ ಕಥೆಯೇ ಮೋಸಗಾರರ ಜರಡಿ: ಸಂಶಯಪಡುವವರು ಮೊದಲೇ ಸೋಸಿಹೋಗುತ್ತಾರೆ.

‘ಪ್ರಿಯ ಗ್ರಾಹಕರೇ’ ಎಂಬ ಸಂಬೋಧನೆ ನೋಡಿ. ಅವರಿಗೆ ನಮ್ಮ ಹೆಸರೂ ಗೊತ್ತಿಲ್ಲ. ಸಾಲ, ಒಂಟಿತನ, ಆಸೆ, ಭಯ ಯಾರಿಗಾದರೂ ಇದ್ದೇ ಇರುತ್ತವೆ ಎಂಬುದಷ್ಟೇ ಗೊತ್ತು. ಆದ್ದರಿಂದ ಮೋಸಹೋದವರನ್ನು ದಡ್ಡರೆಂದು ಹೀಯಾಳಿಸಬೇಡಿ; ಕಷ್ಟದ ಗಳಿಗೆಯಲ್ಲಿ ಆ ಇಮೇಲ್ ಅವರಿಗೆ ಸಿಕ್ಕಿರುತ್ತದೆ. ಕೂಡಲೇ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಲು ನೆರವಾಗಿ.